ಕಂಟ್ರೋಲರ್ ವೇದವ್ಯಾಸ ಆರಿಸಿದ ಕಾರ್ಡು

ರೋಣದ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ವೇದವ್ಯಾಸನನ್ನು ಮುಖ ನೋಡಿ ಗುರುತಿಸುವವರು ಕಡಿಮೆ, ದನಿ ಕೇಳಿ ಗುರುತಿಸುವವರೇ ಹೆಚ್ಚು. ಕಂಟ್ರೋಲರ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಜಾಳಿಗೆ ಹಾಕಿದ ಕಿಟಕಿಯ ಹಿಂದೆ ಕೂತು, ಬಂದ ಬಸ್ಸಿನ ಹೊತ್ತು ಬರೆದುಕೊಂಡು, ಅದು ಎಲ್ಲಿಗೆ ಹೋಗುತ್ತದೆಂದು ಮೈಕಿನಲ್ಲಿ ಹೇಳುವವನು. ಬೇರೆಯವರು ಹೇಳಿದ್ದನ್ನು ಬಸ್ಸು ಹೋದ ಮೇಲೆ ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕಿತ್ತು. ವೇದವ್ಯಾಸ ಹೇಳಿದರೆ ಹಾಗಲ್ಲ. "ಅಬ್ಬಿಗೇರಿ, ನರೇಗಲ್ಲ, ಗಜೇಂದ್ರಗಡ" ಎಂದು ಅವನು ಒಂದೊಂದೇ ಊರನ್ನು ಬಿಡಿಸಿ ಇಟ್ಟರೆ, ಚಹಾದಂಗಡಿಯಲ್ಲಿ ಬಸಿ ಎತ್ತಿದವರು ಹಾಗೇ ಇಟ್ಟು ಗಂಟು ಹೊತ್ತು ಏಳುತ್ತಿದ್ದರು.

ಅವನಿಗೂ ಆ ದನಿಯ ಮೇಲೆ ಸಣ್ಣ ಜಂಬವಿತ್ತು. ಇಲ್ಲ ಎನ್ನಲಾಗದು. ಎಕ್ಸ್‌ಪ್ರೆಸ್ ಬಂದರೆ ಒಂದು ಠೀವಿ, ಹಳ್ಳಿಹಳ್ಳಿ ಹೊಕ್ಕು ಹೋಗುವ ಆರ್ಡಿನರಿ ಬಂದರೆ ಒಂದು ಉದಾಸೀನ. "ಈ ಡಬ್ಬಿಗೇನ ಮೈಕ ಬೇಕು, ಹತ್ತವರು ತಾವ ಹತ್ತತಾರ" ಎನ್ನುತ್ತಿದ್ದ. ಎಕ್ಸ್‌ಪ್ರೆಸ್ಸನ್ನು ಮಾತ್ರ ಮನೆಗೆ ಬಂದ ಬೀಗರಂತೆ ಊರಿಗೆಲ್ಲಾ ಕೇಳುವ ಹಾಗೆ ಬರಮಾಡಿಕೊಳ್ಳುತ್ತಿದ್ದ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ಮನೆ. ಮಣ್ಣಿನ ಮಾಳಿಗೆಯ ಹಳೇ ಮನೆ. ಮುಂದೆ ಪಡಸಾಲೆ, ನಡುವೆ ಅಡಿಗೆಮನೆ, ಅದರಾಚೆ ಕಿಟಕಿಯಿಲ್ಲದ ಒಂದು ಒಳಕೋಣೆ. ಆ ಕೋಣೆಯಲ್ಲಿ ಅವನ ತಾಯಿ ವೆಂಕೂಬಾಯಿ. ಬಿದ್ದು ಸೊಂಟ ಮುರಿದಂದಿನಿಂದ ಮಂಚ ಬಿಟ್ಟಿಳಿದಿರಲಿಲ್ಲ, ಕಾಚಬಿಂದು ಬಂದು ಕಣ್ಣೂ ಪೂರಾ ಹೋಗಿದ್ದವು. ಮುದುಕಿಗೆ ಗಡಿಯಾರವೆಂದರೆ ಮಗನ ದನಿಯೇ. ಗದಗಿನ ಎಕ್ಸ್‌ಪ್ರೆಸ್ ಕೂಗಿದನೆಂದರೆ ಸೊಸೆ ಉಮಾಳಿಗೆ ಅನ್ನಕ್ಕಿಡಲು ಹೇಳುವ ಹೊತ್ತು, ನರಗುಂದದ ಗಾಡಿ ಕೂಗಿದನೆಂದರೆ ದೇವರಿಗೆ ದೀಪ ಹಚ್ಚುವ ಹೊತ್ತು. ಒಂದು ದಿನ ದನಿ ಸ್ವಲ್ಪ ಕಟ್ಟಿದ್ದರೂ ಮನೆಗೆ ಬಂದ ಕೂಡಲೇ ಕೇಳುತ್ತಿದ್ದಳು: "ಯಾಕೋ ವ್ಯಾಸಾ, ನೆಗಡಿ ಆಗೇದೇನು?"

ತಾಯಿ ಮಗನಿಗೆ ಇನ್ನೊಂದು ಬಾಬತ್ತಿನಲ್ಲಿ ಬಹಳ ಒಡನಾಟ. ಎಲೆಅಡಿಕೆ. ದಿನಾ ಬೆಳಿಗ್ಗೆ ಅವನು ಡ್ಯೂಟಿಗೆ ಹೊರಡುವ ಮುಂಚೆ ಮುದುಕಿ ತಟ್ಟೆ ಮುಂದಿಟ್ಟುಕೊಂಡು, ಕೈಯಿಂದಲೇ ಎಲೆಯ ಬೆನ್ನು ಸವರಿ, ಸುಣ್ಣ ಹಚ್ಚಿ, ಚೂರು ತಂಬಾಕು ಇಟ್ಟು ಮಡಚಿ ಕೊಡುತ್ತಿದ್ದಳು. ಕಣ್ಣಿದ್ದಾಗಲೂ ಕೊಟ್ಟಳು, ಹೋದ ಮೇಲೂ ಕೊಟ್ಟಳು. ಅವನು ಅದನ್ನು ದವಡೆಗೆ ಒತ್ತಿಕೊಂಡೇ ಊರುಗಳ ಹೆಸರು ಕೂಗುತ್ತಿದ್ದ. ಮಗನಿಗೆ ತಾಯಿ ಕೊಡಬಹುದಾದ ಸುಖ ಇನ್ನೇನು ಉಳಿದಿತ್ತು ಆಕೆಯ ಕೈಯಲ್ಲಿ?

ಗಂಟಲಲ್ಲಿ ಮುಳ್ಳು ಸಿಕ್ಕಂತೆ ಆಗುತ್ತಿದೆ ಎಂದು ಶುರುವಾದದ್ದು ಹುಬ್ಬಳ್ಳಿಯ ದವಾಖಾನೆಯಲ್ಲಿ ಮುಗಿಯಿತು. ಗಂಟಲಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕೊರಳಲ್ಲಿ ಉಸಿರಿಗೆಂದು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಜೀವ ಉಳಿಯಿತು, ಅದೇ ದೊಡ್ಡದು ಎಂದು ನೋಡಲು ಬಂದವರೆಲ್ಲ ಹೇಳಿ ಹೋದರು. ಹಾಗೆ ಹೇಳುವವರ ಗಂಟಲು ನೆಟ್ಟಗಿರುತ್ತದೆ. ಕೊರಳಿಗೆ ಒತ್ತಿ ಹಿಡಿಯುವ ಒಂದು ಸಾಧನವನ್ನೂ ಕೊಟ್ಟು ನೋಡಿದರು. ಕ್ಯಾನ್ಸರಿಗೆಂದು ಕರೆಂಟು ಕೊಟ್ಟು ಸುಟ್ಟು ಗಟ್ಟಿಯಾಗಿದ್ದ ಆ ಕೊರಳಿನಿಂದ ಗುಂಯ್ ಎನ್ನುವ ಸದ್ದು ಬಿಟ್ಟರೆ ಒಂದಕ್ಷರ ಹೊರಡಲಿಲ್ಲ. ಮಕ್ಕಳು ಬರೆಯುವ ಪಾಟಿಯೊಂದನ್ನು ಕೊಂಡು ಬಗಲಲ್ಲಿಟ್ಟುಕೊಂಡ. ಹೇಳುವುದನ್ನು ಅದರ ಮೇಲೆ ಬರೆದು ತೋರಿಸಬೇಕು.

ಹೆಂಡತಿಗೆ ತೋರಿಸಬಹುದು, ಡ್ರೈವರಿಗೆ ತೋರಿಸಬಹುದು. ಕಣ್ಣಿಲ್ಲದ ತಾಯಿಗೆ ಏನು ತೋರಿಸುವುದು?

ಉಮಾ ಇದ್ದದ್ದನ್ನು ಇದ್ದಂತೆ ಅತ್ತೆಗೆ ತಿಳಿಸಿದಳು. ಗಂಟಲು ತೆಗೆದಿದ್ದಾರೆ, ಇನ್ನು ಮಾತು ಬರುವುದಿಲ್ಲ. ಮುದುಕಿ ಅಳಲಿಲ್ಲ. "ತಂಬಾಕಿಲೆ ಆತಂತೇನು?" ಎಂದು ಕೇಳಿದಳು. ಉಮಾಳಿಗೆ ಸುಳ್ಳು ಹೇಳಲಾಗಲಿಲ್ಲ. ಅಂದಿನಿಂದ ವೆಂಕೂಬಾಯಿ ಎಲೆಯ ತಟ್ಟೆ ಮುಟ್ಟಲಿಲ್ಲ.

ತಾಯಿ ಮಗ ಒಂದು ಉಪಾಯ ಮಾಡಿಕೊಂಡರು. ಆಕೆ ಕೇಳುವುದು, ಅವನು ಆಕೆಯ ಕೈ ಒತ್ತುವುದು. ಹೌದಾದರೆ ಒಂದು ಸಲ, ಇಲ್ಲವಾದರೆ ಎರಡು ಸಲ. ಊಟ ಆಯಿತೇ, ನೋವಿದೆಯೇ, ಬಿಸಿಲಿದೆಯೇ, ಇಷ್ಟೆಲ್ಲ ನಡೆಯಿತು. ಒಂದು ಮಧ್ಯಾಹ್ನ ಮುದುಕಿ ಕೇಳಿಯೇಬಿಟ್ಟಳು: "ವ್ಯಾಸಾ, ನಾನ ಮಡಚಿ ಮಡಚಿ ಕೊಟ್ಟೆ. ನನ್ನ ಮ್ಯಾಲೆ ಸಿಟ್ಟದ ಏನೋ?"

ಅವನು ಎರಡು ಸಲ ಒತ್ತಿದ. ಮತ್ತೆ ಎರಡು ಸಲ ಒತ್ತಿದ. ಎರಡೂ ಕೈಯಿಂದ ಒತ್ತಿದ.

"ಒತ್ತೂದು ಬ್ಯಾಡ. ನನ್ನ ಸಮಾಧಾನಕ್ಕಂತ ಒತ್ತತಿ. ಬಾಯಿಲೆ ಹೇಳಿದ್ರ ನನಗ ತಿಳೀತಿತ್ತು, ಖರೇನೋ ಸುಳ್ಳೋ ಅಂತ" ಎಂದು ಆಕೆ ಕೈ ಬಿಡಿಸಿಕೊಂಡಳು.

ವೇದವ್ಯಾಸ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತ. ಅಳುವುದಕ್ಕೂ ದನಿ ಬೇಕು ಎನ್ನುವುದು ಅವನಿಗೆ ಅವತ್ತು ತಿಳಿಯಿತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಮಾತು ಕಲಿಸುವ ಒಬ್ಬ ಹೆಣ್ಣುಮಗಳಿದ್ದಳು. ಲ್ಯಾಪ್‌ಟಾಪ್ ಒಂದಿದ್ದರೆ, ನೀವು ಟೈಪ್ ಮಾಡಿದ್ದನ್ನು ಅದು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತದೆ, ಗಂಡಸಿನ ದನಿಯೇ ಇದೆ, ಆದರೆ ನೆಟ್ ಬೇಕು, ದನಿ ಅಲ್ಲಿಂದಲೇ ಬರುತ್ತದೆ ಎಂದು ಹೇಳಿದ್ದಳು. ಡ್ರೈವರ್ ಮಹಾಲಿಂಗಪ್ಪನ ಕಿವಿಗೆ ಈ ಮಾತು ಬಿದ್ದದ್ದೇ ತಡ, ಡಿಪೋದವರೆಲ್ಲ ಸೇರಿ ಹೊಸ ಲ್ಯಾಪ್‌ಟಾಪನ್ನೇ ತಂದುಕೊಟ್ಟರು. ತೆಳ್ಳಗೆ, ಬೆಳ್ಳಿಬಣ್ಣದ್ದು. ಪರಿಚಯದವನ ಪರಿಚಯದವನಿಂದ ರಶೀದಿಯಿಲ್ಲದೆ ತಂದದ್ದು. ಪಡಸಾಲೆಗೆ ನೆಟ್ಟಿನ ತಂತಿಯೂ ಬಂತು, ಗೋಡೆಗೊಂದು ರೂಟರ್ ಡಬ್ಬಿಯೂ ಬಂತು. ಹಚ್ಚಿ ನೋಡಿದರೆ ಲ್ಯಾಪ್‌ಟಾಪಿಗೆ ಆ ಡಬ್ಬಿಯ ಗುರುತೇ ಇಲ್ಲ. ಒಳಗಿನ ವೈಫೈ ಕಾರ್ಡು ಸತ್ತುಹೋಗಿತ್ತು. ರಶೀದಿಯಿಲ್ಲದ ಮಾಲನ್ನು ಯಾರಿಗೆ ವಾಪಸು ಕೊಡುವುದು?

"ಮಷೀನ ಮಾತಾಡ್ತದಂತ ಅತ್ತಿ. ನೀವು ಕೇಳಿದ್ದಕ್ಕೆಲ್ಲಾ ಅವರು ಉತ್ತರಾ ಕೊಡ್ತಾರ" ಎಂದು ಉಮಾ ಆಗಲೇ ಹೇಳಿಬಿಟ್ಟಿದ್ದಳು. ಮುದುಕಿ ದಿನಕ್ಕೆ ನಾಲ್ಕು ಸಲ ಕೇಳತೊಡಗಿದಳು: "ಬಂತೇನು ಮಷೀನು?" ಕೇಳಬೇಕಾದ ಪ್ರಶ್ನೆ ಒಂದೇ ಎಂದು ಮೂವರಿಗೂ ಗೊತ್ತಿತ್ತು.

ಗಜೇಂದ್ರಗಡದಲ್ಲಿ ಶಾಹೀದ ಎನ್ನುವವನ ಕಂಪ್ಯೂಟರ್ ಅಂಗಡಿ. ಕಾಲೇಜಿಗೆಂದು ರೋಣಕ್ಕೆ ಓಡಾಡುತ್ತಿದ್ದಾಗ ದಿನಾ ವೇದವ್ಯಾಸನ ದನಿ ಕೇಳಿ ಬಸ್ಸು ಹತ್ತಿದವನು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ವೇದವ್ಯಾಸ ಅಲ್ಲಿಗೆ ಹೊರಟ. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಈಗ ಬೇರೆ ಯಾರೋ ಊರುಗಳ ಹೆಸರನ್ನು ಅಗಿದು ನುಂಗುತ್ತಿದ್ದ. ಇಟಗಿ ಮಾರ್ಗದ ಆರ್ಡಿನರಿ ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು, ಅರ್ಧ ತಾಸು ಕಾದು, ಎಕ್ಸ್‌ಪ್ರೆಸ್ಸನ್ನೇ ಹತ್ತಿದ.

ಶಾಹೀದ ಎದ್ದು ನಿಂತು ಕುರ್ಚಿ ಕೊಟ್ಟ. "ಕಂಟ್ರೋಲರ್ ಸಾಹೇಬ್ರ, ನಿಮ್ಮ ದನಿ ಇಲ್ದ ಬಸ್‌ಸ್ಟ್ಯಾಂಡ್ ಬಸ್‌ಸ್ಟ್ಯಾಂಡ್ ಅನ್ಸೂದಿಲ್ರೀ" ಎಂದ. ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಬೆರಳುಗುರಿನಷ್ಟಗಲದ ಸತ್ತ ಕಾರ್ಡನ್ನು ತೆಗೆದು ತೋರಿಸಿದ. ಆಮೇಲೆ ಗಾಜಿನ ಮೇಜಿನ ಮೇಲೆ ಎರಡು ಸಾಮಾನು ಇಟ್ಟ.

ಒಂದು, ಅಷ್ಟೇ ಸಣ್ಣದಾದ ಹೊಸ ಕಾರ್ಡು. ಒಳಗೇ ಕೂತುಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಇನ್ನೊಂದು, ಲ್ಯಾಪ್‌ಟಾಪಿನ ಮಗ್ಗುಲಿಗೆ ಸಿಗಿಸುವಂಥದ್ದು. ಗಿಡ್ಡ ತಂತಿ, ತುದಿಗೆ ಕರಿಯ ಕೋಲಿನಂಥ ಆಂಟೆನಾ. ನೋಡಲು ವಿಕಾರವಾಗಿತ್ತು.

"ನಿಮಗ ತಿಳಿಯೂಹಂಗ ಹೇಳ್ತೀನ್ರೀ. ಈ ಸಣ್ಣದೈತಲ್ರೀ, ಇದು ಎಕ್ಸ್‌ಪ್ರೆಸ್. ಹೊಸಾ ಮಾಲು, ಭಾಳ ಫಾಸ್ಟ್. ಆದ್ರ ಗ್ವಾಡಿ ಅಡ್ಡ ಬಂದ್ರ ತಡಕೋತೈತ್ರೀ. ಈ ಕೋಲಿಂದು ಆರ್ಡಿನರಿ. ಸಾವಕಾಶ ಹೋಗತೈತಿ, ಖರೇ, ಸಂದಿಗೊಂದಿ ಎಲ್ಲಾ ಹೊಕ್ಕ ಹೋಗತೈತಿ. ನಿಮ್ಮ ಮನಿ ಹ್ಯಾಂಗೈತ್ರೀ?"

ವೇದವ್ಯಾಸ ಪಾಟಿಯ ಮೇಲೆ ಬರೆದ: ಮನಿ ಸಣ್ಣದು. ಮೂರ ಖೋಲಿ.

ಅದು ಸುಳ್ಳಲ್ಲ. ಪಡಸಾಲೆಯಿಂದ ಒಳಕೋಣೆಗೆ ಒಂದು ಬೀಡಿ ಹೊತ್ತಿಸುವಷ್ಟರಲ್ಲಿ ಹೋಗಿ ಬರಬಹುದು. ಆದರೆ ಮನೆಯನ್ನು ಅವನು ಹಾದಿಯ ಲೆಕ್ಕದಲ್ಲಿ ಅಳೆದ, ಬಸ್ಸಿನವರು ಊರಿಂದೂರಿಗೆ ಅಳೆಯುವ ಹಾಗೆ. ನಡುವಿನ ಗೋಡೆಗಳು ಅವನ ಲೆಕ್ಕಕ್ಕೇ ಬರಲಿಲ್ಲ. ಅಜ್ಜನ ಕಾಲದಲ್ಲಿ ಕಲ್ಲು ಕೆಸರು ತುಂಬಿ ಎಬ್ಬಿಸಿದ ಗೋಡೆಗಳು ಅವು. ಒಂದೊಂದರ ದಪ್ಪದಲ್ಲಿ ಒಬ್ಬ ಆಳು ಅಡ್ಡ ಮಲಗಬಹುದು. ಬೇಸಿಗೆಯಲ್ಲಿ ತಂಪೆಂದು ಅವನೇ ಕಂಡವರ ಮುಂದೆಲ್ಲ ಹೊಗಳಿಕೊಂಡ ಗೋಡೆಗಳು.

"ಮಣ್ಣಿನ ಮನಿ ಏನ್ರೀ?" ಎಂದು ಶಾಹೀದ ಇನ್ನೊಮ್ಮೆ ಕೇಳಿದ. "ಇದ್ರ ಆರ್ಡಿನರಿ ಒಯ್ರಿ. ಇದೊಂದ ಪೀಸ್ ಉಳದೈತಿ."

ವೇದವ್ಯಾಸನ ಕಣ್ಣು ಆ ಕರಿಯ ಕೋಲಿನ ಮೇಲೆ ಹೋಯಿತು, ಸಣ್ಣ ಕಾರ್ಡಿಗೆ ವಾಪಸು ಬಂತು. ಅವನಿಗೆ ಬೇಕಾದದ್ದು ವೇಗ. ಅವ್ವ ಕೇಳಿದ ಕೂಡಲೇ ಉತ್ತರ ಬರಬೇಕು. ಕೇಳಿ ಸುಮ್ಮನೆ ಕಾಯುತ್ತ ಕೂತರೆ, ಮಗ ಯೋಚಿಸಿ ಯೋಚಿಸಿ ಸುಳ್ಳು ಪೋಣಿಸುತ್ತಿದ್ದಾನೆಂದೇ ಆಕೆ ತಿಳಿಯುತ್ತಾಳೆ. ಇಷ್ಟೊಂದು ಕಾದ ಮಾತು ಹಳ್ಳಿಹಳ್ಳಿಗೆ ನಿಲ್ಲುತ್ತ ಯಾಕೆ ಹೋಗಬೇಕು? ಅವನು ಪಾಟಿ ಒರೆಸಿ, ದೊಡ್ಡದಾಗಿ ಬರೆದ: ಎಕ್ಸ್‌ಪ್ರೆಸ್.

ಶಾಹೀದ ನಕ್ಕ. "ಇದ ಹೇಳ್ತೀರಂತ ನನಗ ಗೊತ್ತಿತ್ರೀ" ಎಂದು ಕಾರ್ಡು ಕೂರಿಸಿದ. ಅಂಗಡಿಯ ರೂಟರ್ ತಲೆಯ ಮೇಲೆಯೇ ಇತ್ತು. ವೇದವ್ಯಾಸ ಒಂದೊಂದೇ ಕೀಲಿ ಒತ್ತಿ 'ಗಜೇಂದ್ರಗಡ' ಎಂದು ಬರೆದ. ಲ್ಯಾಪ್‌ಟಾಪು ತಡವರಿಸದೆ ಹೇಳಿಬಿಟ್ಟಿತು. ಅವನು ಸಣ್ಣ ಮಗುವಿನಂತೆ ಮತ್ತೆ ಮತ್ತೆ ಹೇಳಿಸಿದ. ಕಣ್ಣೊರೆಸಿಕೊಂಡು ಎದ್ದ.

ಮನೆಯಲ್ಲಿ ಹಬ್ಬದ ಸಡಗರ. ವೆಂಕೂಬಾಯಿ ಸೊಸೆಯ ಕೈಯಲ್ಲಿ ತಲೆ ಬಾಚಿಸಿಕೊಂಡು, ತೊಳೆದ ಸೀರೆ ಉಟ್ಟು, ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಪಡಸಾಲೆಯಲ್ಲಿ ವೇದವ್ಯಾಸ ಮೊದಲು ಬರೆದದ್ದು 'ಉಮಾ' ಎಂದು. ಆ ದನಿ ಯಾರದೋ. ಆದರೂ ಗಂಡ ಹೆಸರು ಹಿಡಿದು ಕರೆದದ್ದು ಕೇಳಿ ಆಕೆ ಸೆರಗು ಬಾಯಿಗೊತ್ತಿಕೊಂಡಳು. ನಂತರ ಲ್ಯಾಪ್‌ಟಾಪು ಹಿಡಿದು ಅಡಿಗೆಮನೆ ದಾಟಿದ, ಒಳಕೋಣೆಯ ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಹೋದ.

"ಬಂದ್ಯಾ? ತಂದ್ಯಾ?" ಎಂದಳು ಮುದುಕಿ. ಆಮೇಲೆ ಮುಖ ಅವನತ್ತ ತಿರುಗಿಸಿ, ಮೆಲ್ಲಗೆ, "ಸಿಟ್ಟದ ಏನೋ ನನ್ನ ಮ್ಯಾಲೆ?"

ಅವನು ಹಾದಿಯಲ್ಲೆಲ್ಲ ಮನಸ್ಸಿನಲ್ಲಿ ಬರೆದುಕೊಂಡು ಬಂದದ್ದನ್ನು ಒತ್ತಿದ. ಯಂತ್ರ "ಅವ್" ಎಂದಿತು, ನಿಂತಿತು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ಮತ್ತೆ ಒತ್ತಿದ. ಈ ಸಲ ಅಷ್ಟೂ ಬರಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿ ಹಿಡಿದ, ಬಾಗಿಲ ಕಡೆ ತಿರುಗಿಸಿದ, ಗೂಡಿನಲ್ಲಿಟ್ಟ. ಮುದುಕಿ ಕೊರಳು ಚಾಚಿಕೊಂಡು ಕೂತೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ, "ಇರಲಿ ಬಿಡು" ಎಂದು ಮಲಗಿಬಿಟ್ಟಳು.

ಮನೆಯವರು ಸುಮ್ಮನೆ ಕೂಡಲಿಲ್ಲ. ತಾಯಿಯನ್ನೇ ಪಡಸಾಲೆಗೆ ತರೋಣವೆಂದು ಮಹಾಲಿಂಗಪ್ಪನನ್ನು ಕರೆಸಿದರು. ಮಂಚ ಆ ಬಾಗಿಲಲ್ಲಿ ಹಾಯಲಿಲ್ಲ. ಎತ್ತಲು ಹೋದರೆ ಹಿಂದೆ ಮುರಿದಿದ್ದ ಸೊಂಟದ ನೋವಿಗೆ ಮುದುಕಿ ಚೀರಿದ್ದು ಓಣಿಗೆಲ್ಲ ಕೇಳಿತು. ರೂಟರನ್ನೇ ಒಳಗೆ ತರೋಣವೆಂದರೆ ತಂತಿ ಸಾಲದು, ಅದು ಗಂಟು ಹಾಕಿ ಉದ್ದ ಮಾಡುವ ತಂತಿಯಲ್ಲ. ನೆಟ್ಟಿನವನು ಫೋನು ಮಾಡಿದಾಗಲೆಲ್ಲ "ನಾಳೆ ಬರ್ತೀನ್ರೀ" ಎಂದ. ಮೊಬೈಲಿಗಂತೂ ಆ ಕೋಣೆಯಲ್ಲಿ ಮೊದಲಿನಿಂದಲೂ ಸಿಗ್ನಲ್ ಇರಲಿಲ್ಲ. ಪಡಸಾಲೆಯಲ್ಲಿ ನುಡಿಸಿ, ಮೊಬೈಲಿನಲ್ಲಿ ಅದನ್ನು ತುಂಬಿಕೊಂಡು, ಒಳಗೆ ತಂದು ಕೇಳಿಸಬಹುದಿತ್ತು. ಇದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಎಲ್ಲ ಮುಗಿದ ಮೇಲೆ. ಕಷ್ಟ ಬಂದಾಗ ಬುದ್ಧಿ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಿರುತ್ತದೆ.

ಶಾಹೀದನಿಗೆ ಉಮಾ ಫೋನು ಮಾಡಿದಳು. ಉಳಿದಿದ್ದ ಆ ಒಂದು ಆರ್ಡಿನರಿಯನ್ನು ನರಗುಂದದ ಕಾಳಿನ ವ್ಯಾಪಾರಿಯೊಬ್ಬ ತನ್ನ ಗೋದಾಮಿಗೆಂದು ಒಯ್ದುಬಿಟ್ಟಿದ್ದ. "ತರಸ್ತೀನ್ರೀ ಅಕ್ಕಾರ. ನಾ ಇನ್ನೂ ಜೋರ ಮಾಡಿ ಹೇಳಬೇಕಾಗಿತ್ರೀ" ಎಂದು ಆ ಹುಡುಗ ಬಹಳ ನೊಂದುಕೊಂಡ. ತರಿಸುವುದರೊಳಗೆ ವೇದವ್ಯಾಸ ಮತ್ತೆ ಹುಬ್ಬಳ್ಳಿಯ ದವಾಖಾನೆ ಸೇರಬೇಕಾಯಿತು, ಕೊರಳ ತೂತಿನಲ್ಲಿ ಕೀವಾಗಿತ್ತು. ಅವನು ಅಲ್ಲಿ ಮಲಗಿದ್ದಾಗಲೇ ಇತ್ತ ಮುದುಕಿಗೆ ಜ್ವರ ಏರಿತು. ಇಳಿಯಿತು. ಆದರೆ ಇಳಿಯುವಾಗ ಇನ್ನೇನನ್ನೋ ಜೊತೆಗೆ ಒಯ್ದಿತು.

ಅವನು ಮನೆಗೆ ಬಂದಾಗ ವೆಂಕೂಬಾಯಿ ಉಮಾಳನ್ನು ಯಾವಾಗಲೋ ತೀರಿಹೋದ ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಬಸ್‌ಸ್ಟ್ಯಾಂಡಿನ ಮೈಕು ಕೇಳಿದರೆ, "ಇದ್ಯಾರೋ ಹೊಸಬ. ನಮ್ಮ ವ್ಯಾಸ ಯಾಕ ಕೂಗವಲ್ಲ?" ಎನ್ನುವಳು. ಗಂಟಲು, ದವಾಖಾನೆ, ಕೈ ಒತ್ತುವುದು, ಒಂದೂ ನೆನಪಿರಲಿಲ್ಲ. ಅವನು ಕೈ ಹಿಡಿದರೆ, ಯಾರೋ ನಾಡಿ ನೋಡಲು ಬಂದ ಡಾಕ್ಟರೆಂದು ಸುಮ್ಮನೆ ಚಾಚುವಳು.

ಕರಿಯ ಕೋಲು ಬಂತು. ಶಾಹೀದ ತಾನೇ ಬಂದು, ಆಂಟೆನಾವನ್ನು ಒಳಕೋಣೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಕಟ್ಟಿ, ಪಡಸಾಲೆಗೆ ಹೋಗಿ ನಿಂತ. ಮಧ್ಯಾಹ್ನದ ಹೊತ್ತು. ವೇದವ್ಯಾಸ ಮಂಚದ ಪಕ್ಕ ನೆಲದ ಮೇಲೆ ಕೂತು, ಅದೇ ಮಾತನ್ನು ಬರೆದ. ಈ ಸಲ ತಡೆಯಲೇ ಇಲ್ಲ.

"ಅವ್ವಾ, ನಾ ವ್ಯಾಸ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ" ಎಂದಿತು ಯಂತ್ರ. ಶಬ್ದ ಅವನವು, ರಾಗ ಎಲ್ಲೋ ದೂರದ ಕಲಿತ ಮಂದಿಯದು.

ವೆಂಕೂಬಾಯಿ ಗಡಬಡಿಸಿ ಸೆರಗು ಸರಿ ಮಾಡಿಕೊಂಡಳು. "ಯಾರ ಬಂದಾರ? ಬರ್ರಿ, ಕೂಡ್ರಿ. ಮೈಸೂರ ಕಡಿಯವರೇನ್ರೀ?"

ಉಮಾ ಮುಂದೆ ಬಂದು, "ಅತ್ತಿ, ಅವರ ನಿಮ್ಮ ಮಗಾರೀ" ಎಂದಳು. ಮುದುಕಿಗೆ ನಗು ಬಂತು. "ಏ ಹುಚ್ಚಿ. ನನ್ನ ಮಗನ ದನಿ ನನಗ ಗೊತ್ತಿಲ್ಲೇನು? ಇಡೀ ರೋಣಕ್ಕ ಗೊತ್ತದ."

ವೇದವ್ಯಾಸ ಮತ್ತೆ ಬರೆದ. ತಾನೇ ಎಂದ, ಗಂಟಲು ಹೋಯಿತೆಂದ, ಇದು ಮಷೀನೆಂದ. ಯಂತ್ರ ಎಲ್ಲವನ್ನೂ ಸ್ಪಷ್ಟವಾಗಿ ಓದಿತು. ಮುದುಕಿ ಬಂದವರ ಮರ್ಯಾದೆಗೆಂದು ತಾಳ್ಮೆಯಿಂದ ಹೂಂಗುಟ್ಟಿದಳು. ಆಮೇಲೆ ಗುಟ್ಟು ಹೇಳುವವಳಂತೆ ದನಿಯತ್ತ ಬಾಗಿದಳು.

"ನೀವು ನನ್ನ ಮಗನ್ನ ಬಲ್ಲಿರೇನ್ರೀ? ಇದ ಮನ್ಯಾಗ ಇರ್ತಾನಂತ. ನನ್ನ ಜೋಡಿ ಮಾತ ಬಿಟ್ಟಾನ. ನಾ ಅವಗ ಏನೋ ಕೆಟ್ಟ ಮಾಡೀನಿ. ಏನಂತ ನೆನಪಾಗವಲ್ದು. ಮಾಡೀನಿ ಅನ್ನೂದಷ್ಟ ಎದ್ಯಾಗ ಕೂತದ, ಹಗಲೂ ರಾತ್ರಿ."

ಉಮಾ ಗಂಡನ ಹೆಗಲ ಮೇಲೆ ಕೈಯಿಟ್ಟಳು. ಕೊನೆಗೆ ಅವನು, ತಾನು ತಾನಲ್ಲವೆಂದು ಒಪ್ಪಿಕೊಂಡು, ಬಂದ ಅತಿಥಿಯೇ ಆಗಿ ಬರೆದ.

"ನಿಮ್ಮ ಮಗಾನ ನನ್ನ ಕಳಿಸ್ಯಾನ್ರೀ. ಅವ್ವನ ಮ್ಯಾಲೆ ನನಗ ಸಿಟ್ಟಿಲ್ಲ ಅಂತ ಹೇಳಿ ಕಳಿಸ್ಯಾನ."

ಮುದುಕಿಯ ಮುಖ ಅರಳಿತು. ಒಂದು ಗಳಿಗೆ ಅಷ್ಟೇ. ಹಾಸಿಗೆಯ ಅಂಚನ್ನು ಬೆರಳಿನಿಂದ ಸವರುತ್ತ, ಎಲೆಯ ಬೆನ್ನು ಸವರುತ್ತಿದ್ದ ಹಾಗೇ ಸವರುತ್ತ, ಯೋಚಿಸಿದಳು.

"ಹೇಳಿ ಕಳಿಸ್ಯಾನ?" ಎಂದಳು. "ಹಂಗಾದ್ರ ಸಿಟ್ಟು ಖರೇನ ಅದರೀ. ಸಿಟ್ಟಿಲ್ಲದಾವ ಮಂದೀ ಕಡೆ ಯಾಕ ಹೇಳಿ ಕಳಸ್ತಿದ್ದ? ತಾನ ಬಂದು, ಅವ್ವಾ ಅಂತಿದ್ದ."

ಹೊರಗೆ ಬಸ್‌ಸ್ಟ್ಯಾಂಡಿನ ಮೈಕು ಯಾವುದೋ ಊರಿನ ಹೆಸರನ್ನು ಒದರಿತು.

"ಉಮಾ, ಅವರಿಗೆ ಎಲಿಅಡಿಕಿ ಕೊಟ್ಟು ಕಳಸು. ತಂಬಾಕ ಬ್ಯಾಡ" ಎಂದು ವೆಂಕೂಬಾಯಿ ಗೋಡೆಯ ಕಡೆ ಹೊರಳಿದಳು. ತಂಬಾಕು ಯಾಕೆ ಬೇಡವೆಂದು ಕೇಳಿದ್ದರೆ ಆಕೆಗೂ ಗೊತ್ತಿರುತ್ತಿರಲಿಲ್ಲ. ಹೊರಳಿದವಳು ಹಾಗೇ ಅಂದಳು: "ಹೋಗೂ ಮುಂದ ನನ್ನ ಮಗಗ ಹೇಳ್ರಿ. ಅವ್ವ ಹಾದಿ ನೋಡ್ಲಿಕತ್ತಾಳ ಅಂತ."

ಅವನು ಒಂದೇ ಶಬ್ದ ಬರೆದು ಒತ್ತಿದ.

"ಹೇಳ್ತೀನ್ರೀ" ಎಂದಿತು ಯಂತ್ರ, ಎರಡೂ ಗೋಡೆ ದಾಟಿ ಬಂದು, ಎಲ್ಲೂ ತಡೆಯದೆ.